ಮೊಟ್ಟೆನೂ ತಿನ್ನಲ್ಲ, ಕೊಲೆಸ್ಟ್ರಾಲ್ ಹೆಂಗ್ ಬಂತು?

ಪ್ರಶ್ನೆ: ಡಾಕ್ಟ್ರೇ, ನಂಗೆ 46 ವರ್ಷ, ಬಸವನಗುಡೀಲಿರೋದು. ಪಕ್ಕಾ ಸಸ್ಯಾಹಾರಿ, ಎಣ್ಣೆ ಪ್ಯಾಕೆಟ್ ಮೇಲೂ ‘ಕೊಲೆಸ್ಟ್ರಾಲ್ ಫ್ರೀ’ ಅಂತಿದೆ, ದಿನಾ ಲಾಲ್‌ಬಾಗಲ್ಲಿ ವಾಕಿಂಗ್ ಬೇರೆ. ಆದ್ರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 158, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಕೊಬ್ಬು) 210. ಯಾಕೆ?

ಉತ್ತರ: ಪ್ಯಾಕೆಟ್ ಮೇಲಿರೋದು ಸುಳ್ಳಲ್ಲ ಸ್ವಾಮಿ, ಆದ್ರೆ ಅದು ಹೆಚ್ಚುಗಾರಿಕೇನೂ ಅಲ್ಲ, ಕಡಲೆಕಾಯಿ ಎಣ್ಣೆ ಸೂರ್ಯಕಾಂತಿ ಎಣ್ಣೆ ಯಾವುದ್ರಲ್ಲೂ ಕೊಲೆಸ್ಟ್ರಾಲ್ ಇರಲ್ಲ. ಕೊಲೆಸ್ಟ್ರಾಲ್‌ನ ಬಹುಪಾಲು ನಮ್ಮ ಮೈಯೇ ತಯಾರಿಸ್ಕೊಳ್ಳುತ್ತೆ, ಬೆಣ್ಣೆ, ತುಪ್ಪ, ವನಸ್ಪತಿ, ಪಾಮ್ ಎಣ್ಣೇಲಿರೋ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ಆದ್ರೆ ಲಿವರ್ರು ಎಲ್‌ಡಿಎಲ್‌ನ ಸರಿಯಾಗಿ ಎಳ್ಕೊಳ್ಳಲ್ಲ, ಅದು ರಕ್ತದಲ್ಲೇ ಸುತ್ತುತ್ತಿರುತ್ತೆ. ಟ್ರೈಗ್ಲಿಸರೈಡ್ ಏರೋದು ಹೆಚ್ಚಾಗಿ ಸಕ್ಕರೆ, ಮೈದಾ, ತಟ್ಟೆ ತುಂಬ ಅನ್ನ, ಡ್ರಿಂಕ್ಸ್‌ನಿಂದ.

ವಾಕಿಂಗ್ ಆದ್ಮೇಲೆ ಎಲ್ಲಿಗೆ ಹೋಗ್ತೀರಿ ಅಂತ ಮಾತ್ರ ಬರೆದಿಲ್ಲ ನೀವು! ಬೆಣ್ಣೆ ದೋಸೆ, ಕೇಸರಿಬಾತು, ಕಾಫಿ ಆದ್ರೆ ನಡೆದಿದ್ದೆಲ್ಲ ಅಲ್ಲಿಗೇ ಜಮಾ. ವಾರಕ್ಕೆ 150 ನಿಮಿಷನಾದ್ರೂ, ಮಾತಾಡಬಹುದು ಆದ್ರೆ ಹಾಡಕ್ಕಾಗಲ್ಲ ಅನ್ನೋಷ್ಟು ಬಿರುಸಾಗಿ ನಡೀರಿ, ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತೆ. ಎಲ್‌ಡಿಎಲ್‌ಗೆ ನಡಿಗೆಗಿಂತ ಊಟಾನೇ ಮುಖ್ಯ: ಹೆಸರುಕಾಳು ಉಸ್ಲಿ, ಹುರುಳಿ ಸಾರು, ಬೆಂಡೆಕಾಯಿ, ಓಟ್ಸ್, ಇವುಗಳಲ್ಲಿ ಕರಗೋ ನಾರು ಇದೆ, ಅದು ಕರುಳಲ್ಲಿ ಪಿತ್ತರಸ ಹಿಡ್ಕೊಂಡು ಹೊರಗೆ ಹೋಗುತ್ತೆ, ಹೊಸ ಪಿತ್ತ ಮಾಡಕ್ಕೆ ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ತಗೊಳ್ಳುತ್ತೆ. ತುಪ್ಪ ಪೂರ್ತಿ ಬಿಡಬೇಡಿ, ಚಮಚ ಚಿಕ್ಕದಾಗ್ಲಿ.

ಥೈರಾಯ್ಡ್, ಶುಗರ್ ಒಮ್ಮೆ ನೋಡಿಸಿ, ಥೈರಾಯ್ಡ್ ಕಮ್ಮಿ ಇದ್ರೂ ಎಲ್‌ಡಿಎಲ್ ಏರುತ್ತೆ. 3 ತಿಂಗಳಾದ್ಮೇಲೆ ಮತ್ತೆ ಟೆಸ್ಟ್. ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ರೆ, ಶುಗರ್ ಬಿಪಿ ಇದ್ರೆ ಅಷ್ಟು ದಿನ ಕಾಯ್ಬೇಡಿ, ಮಾತ್ರೆ ವಿಚಾರ ಈಗ್ಲೇ ನಿಮ್ಮ ಡಾಕ್ಟ್ರ ಹತ್ರ ಮಾತಾಡಿ.