ದಾವಣಗೆರೆಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಲೆಕ್ಕಕ್ಕೆ ದುಡ್ಡು ಕೊಟ್ಟೇ ಸಾಫ್ಟ್‌ವೇರ್ ತಗೋಬೇಕಾ?

ಬೇಕಿಲ್ಲ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಗ್ನುಕ್ಯಾಶ್ (GnuCash) ಅನ್ನುವ ಲೆಕ್ಕದ ಸಾಫ್ಟ್‌ವೇರ್ ಸಾಕು. ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತೆ, ನೆಟ್ ಬೇಕಾಗಿಲ್ಲ.

ಇದು ಪ್ರತಿ ವ್ಯವಹಾರವನ್ನೂ ಜಮಾ (ಕ್ರೆಡಿಟ್), ಖರ್ಚು (ಡೆಬಿಟ್) ಎರಡೂ ಕಡೆ ಬರೆಯುವ ಪದ್ಧತಿ. ಇಲ್ಲಿ ಖರ್ಚು ಅಂದರೆ ದುಡ್ಡು ವೆಚ್ಚವಾಯಿತು ಅಂತಲ್ಲ, ಆ ಖಾತೆಯ ಡೆಬಿಟ್ ಬದಿ ಅಂತ. ಮಂಡಿಪೇಟೆಯಿಂದ ಒಬ್ಬ ಗಿರಾಕಿ ಬಂದು ಶೇ 18 ಜಿಎಸ್‌ಟಿ ಇರುವ ನಲ್ಲಿ-ಪೈಪು ₹4,720ಕ್ಕೆ ಉದ್ರಿ ಒಯ್ದ ಅಂತಿಟ್ಟುಕೊಳ್ಳಿ. ಅವನ ಖಾತೆಗೆ ₹4,720 ಖರ್ಚು. ಎದುರಿಗೆ ಮಾರಾಟಕ್ಕೆ ₹4,000, ಸಿಜಿಎಸ್‌ಟಿ (ಕೇಂದ್ರದ ಪಾಲು) ₹360, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ₹360 ಜಮಾ. ನಾಳೆ ಫೋನ್‌ಪೇ ಮಾಡಿ ₹2,000 ಕೊಟ್ಟರೆ ಬ್ಯಾಂಕ್ ಖಾತೆಗೆ ಖರ್ಚು, ಅವನಿಗೆ ಜಮಾ. ಬಾಕಿ ₹2,720 ಅಂತ ತಾನೇ ತೋರಿಸುತ್ತೆ. ಎರಡು ಬದಿ ಸರಿಹೋಗದಿದ್ದರೆ ವ್ಯತ್ಯಾಸದ ಮೊತ್ತವನ್ನು ಬೇರೆ ಖಾತೆಗೆ ಹಾಕಿ ಎದ್ದು ಕಾಣುವಂತೆ ಮಾಡುತ್ತೆ. ಉದ್ರಿ ಪುಸ್ತಕದಲ್ಲಿ ಈ ಸೌಲಭ್ಯ ಎಲ್ಲಿಂದ ಬರಬೇಕು! ಆರ್ಥಿಕ ವರ್ಷವನ್ನು ಏಪ್ರಿಲ್‌-ಮಾರ್ಚ್‌ಗೆ ಮೊದಲೇ ಬದಲಿಸಿಕೊಳ್ಳಿ.

ಕೊರತೆಯೂ ಇದೆ. ಎಷ್ಟು ಬೋಲ್ಟು ಉಳಿದಿದೆ ಅನ್ನುವ ಸ್ಟಾಕ್ ಲೆಕ್ಕ ಇದರಲ್ಲಿಲ್ಲ, ಜಿಎಸ್‌ಟಿ ರಿಟರ್ನ್ ಫೈಲೂ ತಯಾರಾಗಲ್ಲ. ರಿಟರ್ನ್‌ಗೆ ಜಿಎಸ್‌ಟಿ ಪೋರ್ಟಲ್‌ನ ಉಚಿತ ಆಫ್‌ಲೈನ್ ಟೂಲ್ ಇದೆ. ಸ್ಟಾಕ್ ಮುಖ್ಯವಾದರೆ ಲೆಕ್ಕ, ಸ್ಟಾಕ್ ಎರಡನ್ನೂ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ (ERPNext) ಸಾಫ್ಟ್‌ವೇರ್ ನೋಡಿ. ಗ್ನುಕ್ಯಾಶ್‌ನಂತೆ ಅದೂ ಮುಕ್ತ ತಂತ್ರಾಂಶವೇ (ಯಾರು ಬೇಕಾದರೂ ಬಳಸಿ, ಬದಲಿಸಿಕೊಳ್ಳಬಹುದಾದದ್ದು), ಮುಂಬೈನ ಫ್ರಾಪೆ ಕಂಪನಿಯವರದು. ಆದರೆ ಕೂರಿಸಲು ತಿಳಿದವರು ಬೇಕು, ಸಣ್ಣ ಅಂಗಡಿಗೆ ತುಸು ಭಾರವೇ.

ಮುಂದೆ ಪ್ರೈವೇಟ್ ಲಿಮಿಟೆಡ್ ಮಾಡಿದರೆ ಮಾತು ಬೇರೆ. ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆಗ ಗ್ನುಕ್ಯಾಶ್ ನೆಚ್ಚಿಕೊಳ್ಳಬೇಡಿ, ನಿಮ್ಮ ಆಡಿಟರನ್ನು ಕೇಳಿಯೇ ಆರಿಸಿ.