ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳನ್ನು ಪದವಿಯ ಮುಖ್ಯ ವಿಷಯವಾಗಿ ಓದುವುದು ಹೇಗಿರುತ್ತದೆ?

ಪಿಯುಸಿಯಲ್ಲಿ ಸಂಸ್ಕೃತ ಓದಿರುವ ನೀವು, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಗಂಧವೂ ಇಲ್ಲದೆ ವಿದೇಶದಲ್ಲಿ ಕ್ಲಾಸಿಕ್ಸ್, ಅಂದರೆ ಪ್ರಾಚೀನ ಗ್ರೀಸ್-ರೋಮ್‌ಗಳ ಅಧ್ಯಯನದ, ಪದವಿಗೆ ಸೇರಬಹುದೇ, ಅಲ್ಲಿ ನಿಜಕ್ಕೂ ಏನನ್ನು ಓದಿಸುತ್ತಾರೆ ಎಂದು ಕೇಳಿದ್ದೀರಿ. ಅಮೆರಿಕದಲ್ಲಿ ಇದೇ ವಿಷಯದಲ್ಲಿ ಪದವಿ ಪಡೆದ ನಾನು ಎರಡೂ ಭಾಷೆಗಳನ್ನು ಅಲ್ಲಿಗೆ ಹೋದ ಮೇಲೆಯೇ ಕಲಿತೆ.

ಖಂಡಿತ ಸೇರಬಹುದು. ಆಕ್ಸ್‌ಫರ್ಡ್‌ನ 4 ವರ್ಷಗಳ ಪದವಿಯಲ್ಲಿ ಈ ಭಾಷೆಗಳನ್ನು ಮೊದಲೇ ಕಲಿಯದವರಿಗೆಂದು ಪ್ರತ್ಯೇಕ ವ್ಯವಸ್ಥೆಯಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವಂತೂ 2021ರಲ್ಲಿ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವೆಂಬ ನಿಯಮವನ್ನೇ ಕೈಬಿಟ್ಟಿತು. ಆದರೆ ಅಂಥ ಸೌಲಭ್ಯವಿದ್ದರೂ ಭಾಷೆಯನ್ನು ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಈ ಪದವಿಯ ತಿರುಳು ಇರುವುದು ಮೂಲವನ್ನು ನಿಧಾನವಾಗಿ ಓದುವುದರಲ್ಲಿ.

ತರಗತಿಯಲ್ಲಿ ಒಬ್ಬೊಬ್ಬರೂ ಒಂದೊಂದು ವಾಕ್ಯವನ್ನು ಗಟ್ಟಿಯಾಗಿ ಓದಿ, ಪ್ರತಿ ಪದದ ವಿಭಕ್ತಿ, ವಚನ, ಕಾಲಗಳನ್ನು ಹೇಳಿ ಅರ್ಥ ಬಿಡಿಸಬೇಕು. ಲ್ಯಾಟಿನ್ ಕವಿ ವರ್ಜಿಲ್‌ನ ಕಾವ್ಯದಲ್ಲಿ ವಿಶೇಷಣವೊಂದು ಸಾಲಿನ ಆರಂಭದಲ್ಲಿದ್ದರೆ ಅದರ ವಿಶೇಷ್ಯ ಕೊನೆಯಲ್ಲಿರಬಹುದು. ಶ್ಲೋಕಕ್ಕೆ ಅನ್ವಯ ಬರೆದು ರೂಢಿಯಿದ್ದವರಿಗೆ ಇದು ಹೊಸದಲ್ಲ. ಗ್ರೀಕ್ ವ್ಯಾಕರಣದಲ್ಲಂತೂ ನಿಮಗೆ ಪರಿಚಿತವಾದದ್ದು ಬಹಳಷ್ಟಿದೆ: ದ್ವಿವಚನವಿದೆ, ಆತ್ಮನೇಪದಕ್ಕೆ ಸಂವಾದಿಯಾದ ಕ್ರಿಯಾರೂಪಗಳಿವೆ, ಭೂತಕಾಲದಲ್ಲಿ ಧಾತುವಿನ ಆರಂಭಕ್ಕೆ ಸಂಸ್ಕೃತದ ಅಕಾರಾಗಮದಂತೆಯೇ ಎಕಾರ ಬಂದು ಸೇರುತ್ತದೆ. ಗ್ರೀಕ್ ಮಹಾಕವಿ ಹೋಮರನ ಛಂದಸ್ಸು ಒಂದು ಸಾಲಿಗೆ 6 ಗಣಗಳದ್ದು. ಗುರು-ಲಘು-ಲಘು, ಅಂದರೆ ನಮ್ಮ ಭಗಣ, ಅಥವಾ ಅದರ ಬದಲಿಗೆ ಎರಡು ಗುರು. ಪ್ರಸ್ತಾರ ಹಾಕಲು ಸಹಪಾಠಿಗಳು ತಿಣುಕುತ್ತಿದ್ದಾಗ ನನಗೆ ಹೈಸ್ಕೂಲಿನ ಕನ್ನಡ ಪಾಠವೇ ನೆರವಾಯಿತು. (ಲ್ಯಾಟಿನ್ ಗದ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದೂ ಕನ್ನಡಿಗರಿಗೆ ಒಂದು ಅನುಕೂಲವೇ.) ಹಾಗೆಂದು ಇದು ಸುಲಭವೆಂದು ಭಾವಿಸಬೇಡಿ: ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್ ತನ್ನ ಇತಿಹಾಸದಲ್ಲಿ ಅಳವಡಿಸಿರುವ ಭಾಷಣಗಳ ಒಂದು ಪುಟಕ್ಕೆ ಇಡೀ ಸಂಜೆ ಸಾಲದೆ ಹೋಗಬಹುದು.

ಇತಿಹಾಸದ ಪಾಠಗಳೂ ಇದೇ ಓದಿನ ಮೇಲೆ ನಿಲ್ಲುತ್ತವೆ. ರೋಮ್ ನಗರದ ಆರಂಭವನ್ನು ವಿವರಿಸುವ ಇತಿಹಾಸಕಾರ ಲಿವಿ ಬದುಕಿದ್ದು ಆ ಕಾಲಕ್ಕೆ ಹಲವು ಶತಮಾನಗಳ ನಂತರ. ಆದ್ದರಿಂದ ಅವನ ಮಾತನ್ನು ಶಾಸನ, ನಾಣ್ಯ, ಉತ್ಖನನಗಳ ಎದುರಿಗಿಟ್ಟು ಎಷ್ಟು ನಂಬಬೇಕೆಂದು ತೂಗಿ ನೋಡಬೇಕಾಗುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮ್‌ನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ದೊರೆತಿವೆ; ರೋಮ್‌ನ ವ್ಯಾಪಾರದ ಬಗ್ಗೆ ಪ್ರಬಂಧ ಬರೆಯುವ ಕನ್ನಡಿಗ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಿಲ್ಲ.

ಉದ್ಯೋಗದ ವಿಚಾರದಲ್ಲಿ ನಿಷ್ಠುರವಾಗಿಯೇ ಹೇಳಬೇಕು. ಈ ಪದವೀಧರರಲ್ಲಿ ಹಲವರು ಕಾನೂನು, ಶಾಲಾ ಶಿಕ್ಷಣ, ಪ್ರಕಾಶನಗಳತ್ತ ಹೋಗುತ್ತಾರೆ. ಪ್ರಾಧ್ಯಾಪಕರಾಗುವ ಅವಕಾಶಗಳು ಬಹಳ ಕಡಿಮೆ. ಅಮೆರಿಕದ ಹೊವಾರ್ಡ್ ವಿಶ್ವವಿದ್ಯಾಲಯವು ತನ್ನ ಕ್ಲಾಸಿಕ್ಸ್ ವಿಭಾಗವನ್ನು 2021ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ವಿದ್ಯಾರ್ಥಿವೇತನವಿಲ್ಲದೆ, ಮನೆಯ ಮೇಲೆ ಸಾಲ ಮಾಡಿ ಈ ಪದವಿಗೆ ಹೋಗಿರೆಂದು ನಾನು ಯಾರಿಗೂ ಹೇಳುವುದಿಲ್ಲ.

ಅರ್ಜಿ ಹಾಕುವ ಮುನ್ನ ಕೆಲವು ತಿಂಗಳು ಮನೆಯಲ್ಲೇ ಲ್ಯಾಟಿನ್ ಕಲಿತು ನೋಡಿ. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯದಲ್ಲಿ ಮೂಲಪಾಠಗಳೂ ನಿಘಂಟುಗಳೂ ಉಚಿತವಾಗಿ ಸಿಗುತ್ತವೆ. ಸೀಸರನ ಗದ್ಯದಿಂದ ಆರಂಭಿಸಿ. ಐದಾರು ಸಾಲುಗಳ ಮುಂದೆ ಒಂದು ಗಂಟೆ ಕುಳಿತರೂ ನಿಮಗೆ ಬೇಸರವಾಗದಿದ್ದರೆ ಅರ್ಜಿ ಹಾಕಿ.