ಖಾತೆ ಸಂಖ್ಯೆಯ ಸೊನ್ನೆ ಏಕೆ ಮಾಯವಾಗುತ್ತದೆ?

ಮದ್ದೂರು ಕಡೆಯ ಹಾಲಿನ ಸಂಘದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆಯುವಾಗ ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆಯ ಮೊದಲ ಸೊನ್ನೆ ಹೋಗುತ್ತದೆ, ಕೆಲವರದ್ದರಲ್ಲಿ ಕೊನೆಯ ಅಂಕಿಯೇ ಸೊನ್ನೆಯಾಗುತ್ತದೆ ಎಂದಿದ್ದೀರಿ. ತಪ್ಪು ನಿಮ್ಮ ಬೆರಳಿನದಲ್ಲ. ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದುಕೊಳ್ಳುತ್ತದೆ. ಅಂತಹ ಸಂಖ್ಯೆಯಲ್ಲಿ ಆರಂಭದ ಸೊನ್ನೆಗೆ ಬೆಲೆಯಿಲ್ಲ. 15 ಅಂಕಿಗಳ ಆಚೆಗಿನದನ್ನು ಅದು ಉಳಿಸಿಕೊಳ್ಳುವುದೂ ಇಲ್ಲ, 16ನೆಯದು ಸೊನ್ನೆಯಾಗಿಬಿಡುತ್ತದೆ.

ಖಾತೆ ಸಂಖ್ಯೆಯನ್ನು ಯಾರೂ ಕೂಡಿ ಕಳೆಯುವುದಿಲ್ಲವಲ್ಲ, ಹಾಗಾಗಿ ಅದನ್ನು ಹೆಸರಿನಂತೆ ಪಠ್ಯವಾಗಿಯೇ ಇಡಿ. ಕಾಲಂ ಆರಿಸಿ ಕಂಟ್ರೋಲ್ ಜೊತೆ 1 ಒತ್ತಿ, ತೆರೆಯುವ ಚೌಕದಲ್ಲಿ ‘ಟೆಕ್ಸ್ಟ್’ ಆಯ್ದುಕೊಳ್ಳಿ. ಇದನ್ನು ಸಂಖ್ಯೆ ಬರೆಯುವ ಮೊದಲೇ ಮಾಡಬೇಕು. ಈಗಾಗಲೇ ಹೋದ ಅಂಕಿ ಮರಳುವುದಿಲ್ಲ. ದಯವಿಟ್ಟು ಒಂದೊಂದನ್ನೂ ಪಾಸ್‌ಬುಕ್ ನೋಡಿ ಮತ್ತೆ ಬರೆಯಿರಿ. ಯಾರದೋ ಹದಿನೈದು ದಿನದ ಹಾಲಿನ ಹಣ ಅದರ ಮೇಲೆ ನಿಂತಿದೆ.

ಫ್ಯಾಟ್, ಅಂದರೆ ಹಾಲಿನ ಕೊಬ್ಬಿನ ಅಂಶ ಬರೆಯುವ ಕಾಲಂ ಮೇಲೂ ಕಣ್ಣಿಡಿ. ಮಂಡ್ಯದಲ್ಲಿ ಒಂದು ಸಂಘದ ಲೆಕ್ಕ ನೋಡುವಾಗ ನಾನು ಆತುರದಲ್ಲಿ 4.5ರ ಬದಲು 4-5 ಎಂದು ಒತ್ತಿದ್ದೆ, ಅದು ಮೇ 4 ಆಗಿ ಕುಳಿತಿತ್ತು. ಕಾಲಂಗೆ ಮಿತಿ ಹಾಕುವ ‘ಡೇಟಾ ವ್ಯಾಲಿಡೇಶನ್’ ಚೌಕದಲ್ಲಿ ‘ಡೆಸಿಮಲ್’ ಆರಿಸಿ ಕನಿಷ್ಠ 2, ಗರಿಷ್ಠ 12 ಎಂದು ಕೊಟ್ಟರೆ ಇಂಥದ್ದು ಒಳಗೆ ಬರುವುದಿಲ್ಲ. ಎಕ್ಸೆಲ್‌ಗೆ ದಿನಾಂಕವೂ ಒಳಗೆ ಒಂದು ಸಂಖ್ಯೆ, 1900ರ ಜನವರಿ 1 ಅದಕ್ಕೆ 1. ಈಗಿನ ದಿನಾಂಕಗಳು ನಲವತ್ತು ಸಾವಿರ ದಾಟಿರುವುದರಿಂದ ಆ ಮಿತಿಯನ್ನು ಮೀರಿ ಸಿಕ್ಕಿಬೀಳುತ್ತವೆ.